ಕಾರಣ: ಕೇಳಿಲ್ಲ

ಜೂನ್ 9

ಪುಟ್ಟಿಗೆ ಅಪ್ಪ ಬರೆಯುವುದು.

ನಿನ್ನನ್ನು ಹಾಸ್ಟೆಲಿನ ಗೇಟಿನಲ್ಲಿ ಬಿಟ್ಟು ಹೊರಟವನು ಸಂಜೆ ಐದಕ್ಕೆಲ್ಲ ಮನೆ ಮುಟ್ಟಿದೆ. ಬಸ್ಸಿನಲ್ಲಿ ಪಕ್ಕದವನು "ಎಲ್ಲಿಗೆ ಹೋಗಿದ್ರಿ?" ಎಂದು ಕೇಳಿದ. ಹನ್ನೆರಡು ಹಳ್ಳಿಗೆ ಒಂದೇ ಒಂದು ಸ್ಕಾಲರ್‌ಶಿಪ್ ಸೀಟು, ಅದನ್ನು ಬಾವಿ ತೋಡುವವನ ಮಗಳು ಪರೀಕ್ಷೆ ಬರೆದು ಗಿಟ್ಟಿಸಿಕೊಂಡು ಪಟ್ಟಣದ ದೊಡ್ಡ ಶಾಲೆ ಸೇರಿದ ಕಥೆಯನ್ನು ಅವನಿಗೆ ಹೇಳಿದೆ. ಅವನು ಇಳಿದ ಮೇಲೆ ಅವನ ಜಾಗಕ್ಕೆ ಬಂದವನಿಗೂ ಹೇಳಿದೆ. ನಿಮ್ಮಮ್ಮ "ಡ್ರೈವರ್‌ಗೆ ಹೇಳಲಿಲ್ವಾ?" ಎಂದು ಅಣಕಿಸುತ್ತಾಳೆ. ಹೇಳಬೇಕೆಂದಿದ್ದೆ, ಅಷ್ಟರಲ್ಲಿ ನಮ್ಮ ಸ್ಟಾಪು ಬಂತು.

ಈಗ ಮುಖ್ಯ ವಿಷಯ. ಕಾಗದದಲ್ಲಿ ಎಲ್ಲರೂ 'ಕ್ಷೇಮ' ಎಂದೇ ಬರೆಯುತ್ತಾರೆ. ಜ್ವರ ಬಂದು ಮಲಗಿದವನೂ ಹಾಗೇ ಬರೆಯುತ್ತಾನೆ. ಹಾಗಾಗಿ ಆ ಪದದ ಮೇಲೆ ನನಗೆ ನಂಬಿಕೆಯಿಲ್ಲ. ನಾವು ನಮ್ಮ ಹಗ್ಗದ ಲೆಕ್ಕವನ್ನೇ ಇಟ್ಟುಕೊಳ್ಳೋಣ. ಬಾವಿಯ ತಳದಿಂದ ಹಗ್ಗವನ್ನು ಒಂದು ಸಲ ಜಗ್ಗಿದರೆ ಚೆನ್ನಾಗಿದ್ದೇನೆ ಎಂದು, ಎರಡು ಸಲ ಜಗ್ಗಿದರೆ ಇನ್ನಷ್ಟು ಹಗ್ಗ ಬಿಡಿ ಎಂದು, ಮೂರು ಸಲ ಜಗ್ಗಿದರೆ ಮೇಲಕ್ಕೆಳೆಯಿರಿ ಎಂದು. ಕಾಗದದ ಕೊನೆಗೆ ನೀನು ಅಷ್ಟೇ ಗೆರೆ ಎಳೆ. ಮೇಲೆ ಏನು ಬೇಕಾದರೂ ಬರೆದುಕೋ, ನಾನು ನೋಡುವುದು ಗೆರೆಯನ್ನು.

ನಿಯಮ ನೆನಪಿದೆಯಲ್ಲ? ನಿನಗೆ ಒಂಬತ್ತು ವರ್ಷವಾಗಿದ್ದಾಗ ನೀನು ಮೊದಲ ಸಲ ಮೇಲೆ ಹಗ್ಗ ಹಿಡಿದು ಕೂತಿದ್ದೆ. ನಾನು ತಳದಿಂದ ಮೂರು ಸಲ ಜಗ್ಗಿದೆ. ನೀನು ಬಗ್ಗಿ "ಯಾಕಪ್ಪಾ?" ಎಂದು ಕೂಗಿದೆ. ಉಸಿರು ಕಟ್ಟುತ್ತಿರುವವನು ಕಾರಣ ಹೇಳುತ್ತಾ ನಿಲ್ಲಲು ಆಗುತ್ತದೆಯೇ? ಅಂದು ಬೈದು ಹೇಳಿದ್ದನ್ನೇ ಈಗಲೂ ಹೇಳುತ್ತೇನೆ. ಮೂರು ಜಗ್ಗಿದರೆ ಯಾಕೆಂದು ಕೇಳಬಾರದು, ಎಳೆಯಬೇಕು.

ಅಲ್ಲಿ ವಿಜ್ಞಾನಕ್ಕೆಂದೇ ಬೇರೆ ಮೇಷ್ಟ್ರಿದ್ದಾರಂತಲ್ಲ. ನನ್ನ ತಲೆಯಲ್ಲಿ ಇಪ್ಪತ್ತೆರಡು ವರ್ಷದ ಪ್ರಶ್ನೆಗಳು ರಾಶಿ ಬಿದ್ದಿವೆ. ಒಂದೊಂದಾಗಿ ಕಳಿಸುತ್ತೇನೆ, ಅವರನ್ನು ಕೇಳಿ ಬರೆ. ಮೊದಲನೆಯದು ಇದು: ನೀರು ಇಪ್ಪತ್ತೈದು ಅಡಿಗಿಂತ ಕೆಳಗಿದ್ದರೆ ದಡದಲ್ಲಿಟ್ಟ ಪಂಪು ಅದನ್ನು ಯಾಕೆ ಎಳೆಯುವುದಿಲ್ಲ? ಪಂಪು ರಿಪೇರಿಯ ಮೆಕ್ಯಾನಿಕ್‌ನನ್ನು ಕೇಳಿದರೆ "ಅದು ಹಾಗೇ" ಎನ್ನುತ್ತಾನೆ. ಅವನಿಗೆ ಪ್ರಪಂಚದಲ್ಲಿ ಎಲ್ಲವೂ ಹಾಗೇ.

ನಿನ್ನ ಅಪ್ಪ
|


ಜೂನ್ 24

ಅಪ್ಪನಿಗೆ,

ನನ್ನ ಕೋಣೆಯಲ್ಲಿ ಆರು ಮಂಚ. ಒಂದರ ಮೇಲೊಂದು ಇಟ್ಟಿದ್ದಾರೆ. ನಾನು ಮೇಲಿನದನ್ನು ಆರಿಸಿಕೊಂಡೆ, ಕೆಳಗಿನಿಂದ ಆಕಾಶ ಕಾಣುವುದಿಲ್ಲ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಆದರೆ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ವಾರ್ಡನ್ "ಟ್ಯಾಂಕಿನಿಂದ" ಎಂದರು. ಟ್ಯಾಂಕಿಗೆ ಎಲ್ಲಿಂದ ಎಂದೆ. "ಊಟಕ್ಕೆ ಹೋಗು" ಎಂದರು. ಲೈಬ್ರರಿಯಲ್ಲಿ ಪುಸ್ತಕಗಳನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಓಡಿಹೋಗುತ್ತವೆಯೋ ಏನೋ. ಶನಿವಾರ ಮಾತ್ರ ಬೀಗ ತೆಗೆಯುತ್ತಾರೆ.

ನಿನ್ನ ಪ್ರಶ್ನೆ ಕೇಳಿದೆ. ಮೇಷ್ಟ್ರು ತುಂಬಾ ಖುಷಿಪಟ್ಟರು. ಪಂಪು ನೀರನ್ನು ಎಳೆಯುವುದೇ ಇಲ್ಲವಂತೆ ಅಪ್ಪ! ಅದು ಪೈಪಿನೊಳಗಿನ ಗಾಳಿಯನ್ನು ತೆಗೆಯುತ್ತದೆ, ಅಷ್ಟೇ. ಹೊರಗಿನ ಗಾಳಿ ಬಾವಿಯ ನೀರನ್ನು ಒತ್ತುತ್ತದೆ, ಒತ್ತಿದ ನೀರು ಪೈಪಿನಲ್ಲಿ ಏರುತ್ತದೆ. ಗಾಳಿಗೆ ಒತ್ತಲು ಇರುವ ಶಕ್ತಿ ಮೂವತ್ತನಾಲ್ಕು ಅಡಿಗೆ ಮುಗಿಯುತ್ತದೆ. ಪಂಪು ಹಳೆಯದು, ಪೈಪು ಸೋರುತ್ತದೆ ಎಂದೆಲ್ಲ ಕಳೆದರೆ ಇಪ್ಪತ್ತೈದು. ನಿನ್ನ ಮೆಕ್ಯಾನಿಕ್‌ಗೆ ಹೇಳು, ಅದು ಹಾಗೇ ಅಲ್ಲ.

ನಿನ್ನ ಪುಟ್ಟಿ
|


ಜುಲೈ 8

ಪುಟ್ಟಿ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಇಷ್ಟು ವರ್ಷ ನಾನು ಗಾಳಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ ನೋಡು. ಮೆಕ್ಯಾನಿಕ್‌ಗೆ ಓದಿ ಹೇಳಿದೆ. ಅವನು ಗಾಳಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ನಿನ್ ಮಗಳು ಓದಿ ನಮ್ ಹೊಟ್ಟೆ ಮೇಲೆ ಹೊಡೀತಾಳೆ" ಎಂದ. ಆಮೇಲೆ ಆ ಹಾಳೆಯನ್ನು ಒಂದು ದಿನದ ಮಟ್ಟಿಗೆ ಕೇಳಿ ತೆಗೆದುಕೊಂಡು ಹೋದ.

ನೀನು ಹೋದ ಮೇಲೆ ಹಗ್ಗ ಹಿಡಿಯುವುದು ನಿಮ್ಮಮ್ಮ. ಕೈ ಗಟ್ಟಿ, ಆದರೆ ಬಾಯಿಗೆ ಬಿಡುವಿಲ್ಲ. ಎಪ್ಪತ್ತಡಿ ಕೆಳಗೆ ನಾನು ಕಲ್ಲಿನ ಜೊತೆ ಗುದ್ದಾಡುತ್ತಿರುವಾಗ ಮೇಲಿನಿಂದ "ಮನೆ ಬೀಗದ ಕೈ ನಿಮ್ಮತ್ರ ಇದೆಯಾ?" ಎಂದು ಕೂಗುತ್ತಾಳೆ. ಅದಕ್ಕೆ ಎಷ್ಟು ಸಲ ಜಗ್ಗಬೇಕೋ ನನಗೆ ಗೊತ್ತಿಲ್ಲ.

ಎರಡನೆಯ ಪ್ರಶ್ನೆ. ಆಳದ ಬಾವಿಯ ತಳದಲ್ಲಿ ನಿಂತು ನೋಡಿದರೆ ಹಗಲಲ್ಲೂ ನಕ್ಷತ್ರ ಕಾಣುತ್ತದೆ ಎಂದು ಚಿಕ್ಕಂದಿನಿಂದ ಕೇಳುತ್ತಿದ್ದೇನೆ. ನನಗೆ ಇದುವರೆಗೆ ಒಂದೂ ಕಂಡಿಲ್ಲ. ನಾನು ಸರಿಯಾಗಿ ನೋಡಿಲ್ಲವೋ, ನಕ್ಷತ್ರಗಳಿಗೆ ನನ್ನ ಮೇಲೆ ಮುನಿಸೋ? ಕೇಳಿ ಬರೆ.

ಅಪ್ಪ
|


ಜುಲೈ 20

ಅಪ್ಪನಿಗೆ,

ಕೇಳಿದೆ. ಕಾಣುತ್ತವೆ ಎಂದರು ಮೇಷ್ಟ್ರು. ಬಾವಿಯೊಳಗೆ ಕತ್ತಲೆಯಿರುವುದರಿಂದ ಸೂರ್ಯನ ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ, ಅದಕ್ಕೇ ಕಾಣುತ್ತವೆ ಎಂದು ಬೋರ್ಡಿನ ಮೇಲೆ ಚಿತ್ರವನ್ನೂ ಬರೆದರು. ಎಲ್ಲರೂ ನೋಟ್ಸಿನಲ್ಲಿ ಬರೆದುಕೊಂಡೆವು.

ಅಪ್ಪ, ನೀನು ಇನ್ನೂ ಉದ್ದ ಬರೆ. ಮನೆಯ ಬಾಗಿಲು, ಹಗ್ಗ, ರಾಟೆ, ಅಮ್ಮ ಏನೆಂದಳು, ಎಲ್ಲ ಬರೆ. ಇಲ್ಲಿ ಉಳಿದವರಿಗೆ ಭಾನುವಾರ ಅಪ್ಪ ಅಮ್ಮ ಬರುತ್ತಾರೆ. ಭಾನುವಾರ ಓದಲು ನನಗೆ ಒಂದು ಕಾಗದ ಸಾಲುವುದಿಲ್ಲ.

ಪುಟ್ಟಿ
||


ಆಗಸ್ಟ್ 2

ಪುಟ್ಟಿ,

ಎರಡು ಗೆರೆ ಎಳೆದಿದ್ದೀಯ, ಅದಕ್ಕೆ ಈ ಸಲ ಉದ್ದದ ಹಗ್ಗ.

ಮೇಷ್ಟ್ರು ಕಾಣುತ್ತವೆ ಎಂದರೆ ಯಾರಿಗೆ ಕಾಣುತ್ತವೆ? ನನಗಂತೂ ಕಂಡಿಲ್ಲವಲ್ಲ. ಇದನ್ನು ಇತ್ಯರ್ಥ ಮಾಡಿಯೇ ಬಿಡೋಣ ಎಂದು ಮೊನ್ನೆ ಮಟಮಟ ಮಧ್ಯಾಹ್ನ ಹಳೆಯ ಬಾವಿಗೆ ಇಳಿದೆ. ಎಂಬತ್ತೆರಡು ಅಡಿ, ಒಣಗಿದೆ. ತಳದಲ್ಲಿ ಗೋಣಿಚೀಲ ಹಾಸಿ ಅಂಗಾತ ಮಲಗಿದೆ. ಒಂದು ಗಂಟೆ ಕಣ್ಣು ಮಿಟುಕಿಸದೆ ನೋಡಿದೆ. ಕಂಡದ್ದನ್ನು ಬರೆಯುತ್ತೇನೆ: ತಟ್ಟೆಯಗಲದ ಆಕಾಶ, ತುಂಬಾ ಬೆಳ್ಳಗೆ. ಒಂದು ಹದ್ದು ಎರಡು ಸಲ ದಾಟಿತು. ನಿಮ್ಮಮ್ಮನ ಮುಖ ಆರು ಸಲ ಇಣುಕಿತು. ಆರನೆಯ ಸಲ "ನಿದ್ದೆ ಹೊಡೀತಿದ್ದೀರಾ ಕೆಳಗೆ?" ಎಂದಿತು. ನಕ್ಷತ್ರ ಒಂದೂ ಇಲ್ಲ. ಸುತ್ತ ಕತ್ತಲೆಯಿದ್ದರೇನು, ಆಕಾಶ ಬೆಳ್ಳಗೇ ಇದೆಯಲ್ಲ. ಬಿಳಿ ಗೋಡೆಯ ಮೇಲೆ ಸುಣ್ಣದ ಚುಕ್ಕೆ ಕಂಡೀತೇ?

ಮೇಷ್ಟ್ರಿಗೆ ಹೇಳು. ಬೇಸರಪಡುವುದಿಲ್ಲ, ಪಂಪಿನ ವಿಷಯದಲ್ಲಿ ಅಷ್ಟು ಖುಷಿಪಟ್ಟವರು.

ಇನ್ನೊಂದನ್ನು ಈಗಲೇ ಕೊಟ್ಟುಬಿಡುತ್ತೇನೆ. ಹೊಸ ಬಾವಿ ತೋಡುತ್ತೇವೆ. ಗಟ್ಟಿ ಕಲ್ಲು, ಎಪ್ಪತ್ತಡಿ. ನೀರು ಒಸರಿದ ವಾರದೊಳಗೆ ಅಲ್ಲೊಂದು ಕಪ್ಪೆ ಕೂತಿರುತ್ತದೆ. ಎಲ್ಲಿಂದ ಬಂತು? ಬಿದ್ದಿದ್ದರೆ ಸಾಯಬೇಕಿತ್ತು. ಕಲ್ಲೊಳಗಿಂದ ಬರಲು ದಾರಿಯಿಲ್ಲ. ನಾನು ಹೊತ್ತು ತರಲಿಲ್ಲ. ಹದಿನಾಲ್ಕು ಬಾವಿಯಲ್ಲಿ ನೋಡಿದ್ದೇನೆ, ಪ್ರತಿ ಸಲವೂ ನನ್ನನ್ನೇ ಹೊರಗಿನವನಂತೆ ನೋಡುತ್ತದೆ.

ರಾಟೆಗೆ ಎಣ್ಣೆ ಬಿಟ್ಟೆ. ಬಾಗಿಲು ಮೊದಲಿನಂತೆ ಕಿರುಗುಟ್ಟುತ್ತದೆ. ನಿಮ್ಮಮ್ಮ ನಿನ್ನ ಚಾಪೆಯನ್ನು ದಿನಾ ಬಿಸಿಲಿಗೆ ಹಾಕಿ ಮತ್ತೆ ಸುತ್ತಿಡುತ್ತಾಳೆ. ಯಾಕೆ ಎಂದು ಕೇಳಿದರೆ ಸಿಡುಕುತ್ತಾಳೆ.

ಅಪ್ಪ
|


ಆಗಸ್ಟ್ 13

ಅಪ್ಪನಿಗೆ,

ನಕ್ಷತ್ರದ ವಿಷಯ ಹೇಳಿದೆ.

ಕಪ್ಪೆಯ ವಿಷಯ ಇನ್ನೂ ಕೇಳಿಲ್ಲ, ಪಾಠ ಬೇರೆ ನಡೆಯುತ್ತಿದೆ. ಗಣಿತದಲ್ಲಿ ಐವತ್ತಕ್ಕೆ ನಲವತ್ತೆರಡು ಬಂತು. ಬೇರೆ ವಿಶೇಷವಿಲ್ಲ.

ಪುಟ್ಟಿ
|


ಆಗಸ್ಟ್ 25

ಪುಟ್ಟಿ,

ಹೇಳಿದೆ ಎಂದಷ್ಟೇ ಬರೆದರೆ ಹೇಗೆ? ಮೇಷ್ಟ್ರು ಏನೆಂದರು? ಮುಖ ಹೇಗಾಯಿತು? ಇರಲಿ, ಪಾಠದ ಗಡಿಬಿಡಿ ಇರಬಹುದು. ಒಂದೇ ಗೆರೆ ಇದೆ, ಅಷ್ಟು ಸಾಕು. ಗೆರೆ ಮಾತ್ರ ಯಾಕೋ ತೆಳ್ಳಗಿದೆ ಎಂದಳು ನಿಮ್ಮಮ್ಮ. ಪೆನ್ಸಿಲು ಸವೆದಿರಬೇಕು ಎಂದೆ.

ಈಗ ತೋಟದವರ ಬಾವಿಯಲ್ಲಿ ಕೆಲಸ. ನೀರು ಅರವತ್ತಡಿಯಲ್ಲಿದೆ. ನೀರು ಖಾಲಿ ಮಾಡದೆ ಇನ್ನೂ ಆಳಕ್ಕೆ ತೋಡುವಂತಿಲ್ಲ, ಮೇಲಿಟ್ಟ ಪಂಪಿಗೆ ನೀರು ಏರುವುದಿಲ್ಲ (ಗಾಳಿಯ ಶಕ್ತಿ ಸಾಲದು, ಈಗ ನನಗೂ ಗೊತ್ತು). ಅದಕ್ಕೆ ಡೀಸೆಲ್ ಎಂಜಿನನ್ನು ಬಾವಿಯೊಳಗೇ, ನಲವತ್ತಡಿ ಕೆಳಗೆ ಕಲ್ಲಿನ ಕಟ್ಟೆಯ ಮೇಲೆ ಕೂರಿಸಿದ್ದೇವೆ. ಅದು ಬೆಳಿಗ್ಗೆ ಮೂರು ಗಂಟೆ ಓಡಿ ನೀರು ಖಾಲಿ ಮಾಡುತ್ತದೆ. ಆಮೇಲೆ ಅದನ್ನು ನಿಲ್ಲಿಸಿ, ಎರಡು ಗಂಟೆ ಕಾದು, ನಮ್ಮ ಪದ್ಧತಿಯಂತೆ ಮೊದಲು ದೀಪ ಇಳಿಸುತ್ತೇನೆ. ದೀಪ ಆರಿದರೆ ಗಾಳಿ ಕೆಟ್ಟಿದೆ, ಉರಿದರೆ ಇಳಿಯಬಹುದು. ನನ್ನಪ್ಪ ಕಲಿಸಿದ್ದು ಅಷ್ಟೇ.

ದೀಪ ಚೆನ್ನಾಗಿಯೇ ಉರಿಯುತ್ತದೆ. ಆದರೂ ಇಳಿದ ಸ್ವಲ್ಪ ಹೊತ್ತಿಗೆ ನನಗೆ ತಲೆ ಸಿಡಿಯುತ್ತದೆ. ಮೆಕ್ಯಾನಿಕ್ "ಅದು ಹಾಗೇ" ಎಂದ. ದೀಪ ಉರಿದರೆ ಗಾಳಿ ಒಳ್ಳೆಯದು ತಾನೇ? ಮೇಷ್ಟ್ರನ್ನು ಕೇಳಿ ಬೇಗ ಬರೆ. ತೋಟದವರಿಗೆ ಅವಸರ, ಎರಡು ಗಂಟೆ ಕಾಯುವುದು ದಂಡ ಎನ್ನುತ್ತಾರೆ.

ಅಪ್ಪ
|


ಸೆಪ್ಟೆಂಬರ್ 3

ಅಪ್ಪನಿಗೆ,

ಮೇಷ್ಟ್ರನ್ನು ಕೇಳಿದೆ. ಹೌದು, ದೀಪ ಉರಿದರೆ ಗಾಳಿ ಒಳ್ಳೆಯದೇ ಎಂದರು. ತಲೆನೋವು ಬಿಸಿಲಿಗಿರಬಹುದಂತೆ. ತಲೆಗೆ ಬಟ್ಟೆ ಕಟ್ಟಿಕೋ.

ಪುಟ್ಟಿ
|


ಸೆಪ್ಟೆಂಬರ್ 12

ಪುಟ್ಟಿ,

ಮೇಷ್ಟ್ರ ಮಾತು ಕೇಳಿ ಧೈರ್ಯ ಬಂತು. ತೋಟದವರಿಗೂ ನಿನ್ನ ಕಾಗದ ತೋರಿಸಿದೆ, ದೊಡ್ಡ ಶಾಲೆಯ ಮೇಷ್ಟ್ರು ಹೇಳಿದ್ದು ಎಂದು. ಈಗ ಎರಡು ಗಂಟೆ ಕಾಯುತ್ತಿಲ್ಲ. ಎಂಜಿನ್ ನಿಂತ ಅರ್ಧ ಗಂಟೆಗೆ ದೀಪ ಇಳಿಸುತ್ತೇನೆ, ಉರಿದರೆ ಹಿಂದೆಯೇ ನಾನೂ ಇಳಿಯುತ್ತೇನೆ. ತಲೆಗೆ ಬಟ್ಟೆಯನ್ನೂ ಕಟ್ಟಿಕೊಳ್ಳುತ್ತೇನೆ. ನೋವು ಕಡಿಮೆಯಾಗಿಲ್ಲ, ಆದರೆ ಬಿಸಿಲಿನದು ಎಂದು ಗೊತ್ತಾದ ಮೇಲೆ ಹೆದರಿಕೆಯಿಲ್ಲ. ಇನ್ನು ಹತ್ತಡಿ ತೋಡಿದರೆ ಮುಗಿಯಿತು.

ಕಪ್ಪೆಯ ವಿಷಯ ಮರೆಯಬೇಡ.

ಅಪ್ಪ
|


ಸೆಪ್ಟೆಂಬರ್ 16

ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ಊಟ ಚೆನ್ನಾಗಿದೆ. ಪರೀಕ್ಷೆ ಹತ್ತಿರ ಬಂತು. ಅಮ್ಮನನ್ನು ಕೇಳಿದೆ ಎಂದು ಹೇಳು.

ಪುಟ್ಟಿ
|||


ಅಕ್ಟೋಬರ್ 6

ಮಾನ್ಯರೇ,

ನಮ್ಮ ಸಮಿತಿಯ ವಿದ್ಯಾರ್ಥಿವೇತನ ಪಡೆದಿರುವ ನಿಮ್ಮ ಮಗಳನ್ನು ಸೆಪ್ಟೆಂಬರ್ 20ರಂದು ನೀವು ಹಾಸ್ಟೆಲಿನಿಂದ ಕರೆದುಕೊಂಡು ಹೋಗಿದ್ದೀರಿ. ಹತ್ತು ದಿನಗಳ ನಂತರ ಮರಳಿ ಕರೆತಂದಾಗ ಶಾಲೆಯವರು ಗೇಟಿನಿಂದಲೇ ನಿಮ್ಮಿಬ್ಬರನ್ನೂ ಹಿಂದಕ್ಕೆ ಕಳುಹಿಸಿದರು ಎಂದು ತಿಳಿಯಿತು. ಅವರದು ತಪ್ಪಲ್ಲ. ಸಕಾರಣವಿಲ್ಲದೆ ಏಳು ದಿನಕ್ಕಿಂತ ಹೆಚ್ಚು ಗೈರಾದರೆ ಸೀಟು ರದ್ದಾಗುತ್ತದೆ ಎಂಬುದು ನಮ್ಮದೇ ನಿಯಮ. ನೀವು ಅದಕ್ಕೆ ಸಹಿ ಹಾಕಿದ್ದೀರಿ.

ನಿಮ್ಮ ರಜೆಯ ಫಾರಂ ನನ್ನ ಮುಂದಿದೆ. 'ಕಾರಣ' ಎಂಬಲ್ಲಿ ನೀವು 'ಕೇಳಿಲ್ಲ' ಎಂದು ಬರೆದಿದ್ದೀರಿ. ಹತ್ತೊಂಬತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಜ್ವರ, ಮದುವೆ, ಅಜ್ಜಿಯ ಸಾವು (ಒಬ್ಬನಿಗೇ ಮೂವರು ಅಜ್ಜಿಯರು) ಎಲ್ಲ ಓದಿದ್ದೇನೆ. ಇದನ್ನು ಓದಿರಲಿಲ್ಲ. ತಂದೆಯೊಬ್ಬ ಮಗಳನ್ನು ಶಾಲೆ ಬಿಡಿಸಿಕೊಂಡು ಹೋಗುವಾಗ ಯಾಕೆಂದು ಕೇಳದಿರುವುದು ಹೇಗೆ ಸಾಧ್ಯ?

ಇದೇ 20ಕ್ಕೆ ಸಮಿತಿ ಸೇರುತ್ತದೆ. ಅಷ್ಟರೊಳಗೆ ನಿಮ್ಮ ಉತ್ತರ ಬರದಿದ್ದರೆ ಸೀಟು ಹೋಗುತ್ತದೆ. ಕುತೂಹಲಕ್ಕಾದರೂ ನಾನು ಅದಕ್ಕಾಗಿ ಕಾಯುತ್ತೇನೆ.

ಕಾರ್ಯದರ್ಶಿ,
ವಿದ್ಯಾರ್ಥಿವೇತನ ಸಮಿತಿ


ಅಕ್ಟೋಬರ್ 11

ಕಾರ್ಯದರ್ಶಿ ಅಮ್ಮನವರಿಗೆ ಬಾವಿ ತೋಡುವವನ ನಮಸ್ಕಾರ.

ನಾನು ಓದಿದ್ದು ಐದನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ನಮ್ಮ ಕೆಲಸದಲ್ಲಿ ಒಬ್ಬ ಕೆಳಗಿದ್ದರೆ ಒಬ್ಬರು ಮೇಲೆ ಹಗ್ಗ ಹಿಡಿದಿರುತ್ತಾರೆ. ಕೆಳಗಿನವನು ಮೂರು ಸಲ ಜಗ್ಗಿದರೆ ಮೇಲಿನವರು ಕಾರಣ ಕೇಳುವ ಹಾಗಿಲ್ಲ. ಮೊದಲು ಎಳೆಯಬೇಕು. ಮಗಳ ಜೊತೆ ನಾನು ಕಾಗದದಲ್ಲಿ ಇದೇ ಲೆಕ್ಕ ಇಟ್ಟುಕೊಂಡಿದ್ದೆ. ಅವಳ ಕಾರ್ಡಿನಲ್ಲಿ ಎಲ್ಲ ಚೆನ್ನಾಗಿದೆ ಎಂದಿತ್ತು, ಕೆಳಗೆ ಮೂರು ಗೆರೆಯಿತ್ತು. ನಾನು ಬಸ್ಸು ಹತ್ತಿದೆ. ಹಾಸ್ಟೆಲಿನವರು ಫಾರಂ ಕೊಟ್ಟು ಕಾರಣ ಬರೆಯಿರಿ ಎಂದರು. ಕೇಳಿರಲಿಲ್ಲ, ಹಾಗೇ ಬರೆದೆ. ಸುಳ್ಳು ಬರೆಯಬಾರದಲ್ಲ.

ನಾನು ಪ್ರಶ್ನೆ ಕೇಳದೆ ಇರುವ ಮನುಷ್ಯನಲ್ಲ ಅಮ್ಮ. ಊರಿನಲ್ಲಿ ನನ್ನನ್ನು ಕಂಡರೆ ಜನ ದಾರಿ ಬದಲಿಸುತ್ತಾರೆ. ಈ ಒಂದು ಪ್ರಶ್ನೆಯನ್ನು ಹತ್ತು ದಿನ ನುಂಗಿಕೊಂಡಿದ್ದು ನನ್ನ ಜೀವಮಾನದಲ್ಲೇ ಕಷ್ಟದ ಕೆಲಸ. ನಾಲಿಗೆಯ ತುದಿಗೆ ಬಂದಾಗಲೆಲ್ಲ ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಹಿತ್ತಲು ಸವೆದುಹೋಯಿತು.

ಮನೆಗೆ ಬಂದವಳು ನನ್ನನ್ನು ಕೆಲಸಕ್ಕೆ ಹೋಗಲು ಬಿಡಲಿಲ್ಲ. "ನಾನಿರೋ ತನಕ ಮನೇಲಿರು" ಎಂದು ಹಟ ಹಿಡಿದಳು. ಇದ್ದೆ. ಒಂಬತ್ತನೆಯ ದಿನ ಪುಸ್ತಕದಿಂದ ನಕಲು ಮಾಡಿದ ಒಂದು ಹಾಳೆ ತಂದು ಓದಿದಳು. ಎಂಜಿನ್ನಿನ ಹೊಗೆಯಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ಒಂದು ವಿಷದ ಗಾಳಿ ಇರುತ್ತದಂತೆ. ಅದಿದ್ದರೂ ದೀಪ ಉರಿಯುತ್ತದೆ, ಮನುಷ್ಯ ಮಾತ್ರ ಬೀಳುತ್ತಾನೆ. ಮೊದಲ ಗುರುತು ತಲೆನೋವು. ಅವಳ ವಿಜ್ಞಾನದ ಮೇಷ್ಟ್ರು ಮೊದಲು ತಪ್ಪಾಗಿ ದೀಪ ಉರಿದರೆ ಸಾಕು ಎಂದಿದ್ದರಂತೆ, ಆಮೇಲೆ ತಿದ್ದಿಕೊಂಡರಂತೆ. ತಪ್ಪು ಯಾರಿಂದಲೂ ಆಗುತ್ತದೆ, ತಿದ್ದಿಕೊಂಡರಲ್ಲ, ದೊಡ್ಡವರು. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಮರುದಿನ ಅವಳೇ "ಅಪ್ಪ, ಇನ್ನು ಇಳಿಸು" ಎಂದಳು. ನಮ್ಮಲ್ಲಿ ಹಾಗೇ. ಉಸಿರಿಗೆ ಮೇಲೆ ಬಂದವನು ಬಾವಿ ಬಿಟ್ಟು ಓಡಿಹೋದ ಎಂದು ಯಾರೂ ಅನ್ನುವುದಿಲ್ಲ. ಸುಧಾರಿಸಿಕೊಂಡು ಮತ್ತೆ ಇಳಿಯುತ್ತಾನೆ. ನಿಮ್ಮ ನಿಯಮದಲ್ಲಿ ಏಳು ದಿನ ಎಂದಿದ್ದು ನನಗೆ ಗೊತ್ತಿತ್ತು. ಎಂಟನೆಯ ದಿನ ಬೆಳಿಗ್ಗೆ ಬೆರಳು ಮಡಿಸಿ ಮತ್ತೆ ಮತ್ತೆ ಎಣಿಸಿದೆ. ಆದರೂ ಅವಳಾಗಿ ಹೇಳದೆ ಇಳಿಸುವಂತಿರಲಿಲ್ಲ. ತಪ್ಪು ನನ್ನದು. ಶಿಕ್ಷೆ ನನಗೆ ಕೊಡಿ, ಸೀಟು ಅವಳಿಗೆ ಇರಲಿ.

ಇಂತಿ,
ಪುಟ್ಟಿಯ ಅಪ್ಪ


(ಅದೇ ಲಕೋಟೆಯಲ್ಲಿ, ನಾಲ್ಕು ಮಡಿಕೆಯ ಒಂದು ಹಾಳೆ)

ಅಕ್ಟೋಬರ್ 11

ಮೇಡಂ,

ಲಕೋಟೆ ಅಂಟಿಸಲು ಅಪ್ಪ ನನ್ನ ಕೈಗೆ ಕೊಟ್ಟರು. ಅವರ ಕಾಗದ ಓದಿದೆ. ಓದಿದ ಮೇಲೆ ಇದನ್ನು ಹಾಕದೆ ಅಂಟಿಸಲು ಆಗಲಿಲ್ಲ.

ಮೇಷ್ಟ್ರು ದೀಪದ ಬಗ್ಗೆ ತಪ್ಪು ಹೇಳಲಿಲ್ಲ. ನಾನು ಅವರನ್ನು ಕೇಳಲೇ ಇಲ್ಲ.

ಬಾವಿಯಿಂದ ಹಗಲಲ್ಲಿ ನಕ್ಷತ್ರ ಕಾಣುವುದಿಲ್ಲ, ನಮ್ಮಪ್ಪ ಮಲಗಿ ನೋಡಿದ್ದಾರೆ ಎಂದು ನಾನು ಕ್ಲಾಸಿನಲ್ಲಿ ಎದ್ದು ಹೇಳಿದೆ. ಯಾರೋ ಹಿಂದಿನಿಂದ "ಬಾವಿಕಪ್ಪೆ" ಎಂದರು. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಅವತ್ತಿನಿಂದ ನನ್ನ ಹೆಸರು ಅದೇ ಆಯಿತು. ನಾನು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದೆ. ಅಪ್ಪನ ಪ್ರಶ್ನೆಗಳು ಬರುತ್ತಲೇ ಇದ್ದವು. ಕೇಳಲಿಲ್ಲ ಎಂದು ಬರೆದರೆ ಯಾಕೆ ಎನ್ನುತ್ತಾರೆ. ಅದಕ್ಕೆ ದೀಪದ ಉತ್ತರವನ್ನು ನಾನೇ ಕಟ್ಟಿ ಬರೆದೆ. ಮೇಷ್ಟ್ರು ಹೇಳಿದರು ಎಂದೂ ಬರೆದೆ.

ಅಪ್ಪ ಅದನ್ನು ನಂಬಿ ಅರ್ಧ ಗಂಟೆಗೇ ಇಳಿಯುತ್ತಿದ್ದೇನೆ ಎಂದು ಬರೆದರು. ಆ ಕಾಗದ ಬಂದ ಮರುದಿನ ವಾರ್ಡನ್ ಹತ್ತಿರ ಬೇಡಿಕೊಂಡು ಬೀರುವಿನ ಬೀಗ ತೆಗೆಸಿ ಹುಡುಕಿದೆ. ಪುಸ್ತಕದಲ್ಲಿ ಎಂಜಿನ್ ಹೊಗೆಯ ವಿಷಯವಿತ್ತು. ನಾನು ಬರೆದದ್ದು ಸುಳ್ಳು ಎಂದು ಕಾಗದ ಬರೆದೆ, ಹರಿದೆ. ನಾಚಿಕೆಯಿಂದ ಮಾತ್ರವಲ್ಲ. ಅಪ್ಪನಿಗೆ ಏನೇ ಬರೆದರೂ "ನೋಡೋಣ" ಎಂದು ಒಮ್ಮೆ ಇಳಿದು ಪರೀಕ್ಷೆ ಮಾಡಿಯೇ ಮಾಡುತ್ತಾರೆ. ನಕ್ಷತ್ರಕ್ಕೂ ಹಾಗೇ ಇಳಿದರು. ಅವರು ಎದುರು ಮಾತಾಡದೆ ಒಪ್ಪುವುದು ಪ್ರಪಂಚದಲ್ಲಿ ಒಂದನ್ನೇ.

ಅದಕ್ಕೆ ಮೂರು ಗೆರೆ ಎಳೆದೆ. ನನ್ನನ್ನು ಮೇಲೆತ್ತಲಿ ಎಂದಲ್ಲ. ಅವರನ್ನು ಎತ್ತಲು.

ಹೇಳಲು ಧೈರ್ಯ ಬರಲು ಒಂಬತ್ತು ದಿನ ಬೇಕಾಯಿತು. ಆಗಲೂ ಮೇಷ್ಟ್ರ ಮೇಲೆ ಹಾಕಿದೆ. ಸೀಟು ಹೋದರೆ ಹೋಗಲಿ ಎನ್ನಲಾರೆ, ನನಗೆ ಅದು ಬೇಕು. ಆದರೆ ಅಪ್ಪನ ಮೇಲಾಗಲಿ ಮೇಷ್ಟ್ರ ಮೇಲಾಗಲಿ ತಪ್ಪು ಹಾಕಬೇಡಿ. ಅಪ್ಪನಿಗೆ ಇದು ಇನ್ನೂ ಗೊತ್ತಿಲ್ಲ.

ಪುಟ್ಟಿ


ಅಕ್ಟೋಬರ್ 24

ಪುಟ್ಟಿಗೆ,

ಸಮಿತಿಯ ತೀರ್ಮಾನವನ್ನು ಹೇಳುವ ಕಾಗದ ನಿನ್ನ ತಂದೆಯ ಹೆಸರಿಗೆ ಬೇರೆ ಬರುತ್ತದೆ. ಅದರಲ್ಲಿ ನವೆಂಬರ್ 3ಕ್ಕೆ ನೀನು ಶಾಲೆಗೆ ಮರಳಬಹುದು ಎಂದಷ್ಟೇ ಇದೆ. ಉಳಿದದ್ದು ಇಲ್ಲಿದೆ.

ನಿನ್ನ ಹಾಳೆಯನ್ನು ಸಭೆಯಲ್ಲಿ ಓದಿದೆ. ಒಬ್ಬರು ನಿಯಮವೆಂದರೆ ನಿಯಮ ಎಂದರು. ಇನ್ನೊಬ್ಬರು ಸುಳ್ಳು ಹೇಳಿದ ಮಗು ಎಂದರು. ನಾನು ಹಳೆಯ ಫೈಲುಗಳನ್ನು ಮೇಜಿನ ಮೇಲಿಟ್ಟೆ. ಐದು ವರ್ಷದಲ್ಲಿ ಹಳ್ಳಿಗಳಿಂದ ಎಂಟು ಮಕ್ಕಳಿಗೆ ಸೀಟು ಕೊಟ್ಟಿದ್ದೇವೆ. ನಾಲ್ವರು ನಡುವೆಯೇ ಬಿಟ್ಟುಹೋದರು. ನಾಲ್ಕರಲ್ಲೂ 'ಕಾರಣ' ಎಂಬಲ್ಲಿ 'ಹೊಂದಿಕೊಳ್ಳಲಿಲ್ಲ' ಎಂದಿದೆ. ಅದು ನನ್ನದೇ ಅಕ್ಷರ. ನಾನು ಆ ಮಕ್ಕಳನ್ನು ಕೇಳಿರಲಿಲ್ಲ. ನಿನ್ನ ತಂದೆ ಕೇಳಿಲ್ಲ ಎಂದು ನಿಜ ಬರೆದರು, ನಾನು ಕೇಳದೆಯೇ ಒಂದು ಕಾರಣ ಬರೆದೆ. ಇದನ್ನು ಸಭೆಗೂ ಹೇಳಿದೆ. ಆಮೇಲೆ ನಿನ್ನ ಸೀಟು ಉಳಿಸಲು ಎಲ್ಲರೂ ಸಹಿ ಹಾಕಿದರು.

ಮುಂದಿನ ವರ್ಷದಿಂದ ನಮ್ಮ ಮಕ್ಕಳಿಗೆಲ್ಲ ಅಂಚೆಚೀಟಿ ಹಚ್ಚಿದ ಖಾಲಿ ಕಾರ್ಡುಗಳನ್ನು ಕೊಡುತ್ತೇವೆ. ಮೂರು ಗೆರೆ ಎಳೆದು ನನಗೆ ಕಳಿಸಿದರೆ ಮನೆಗೆ ಹೋಗಿಬರುವ ವ್ಯವಸ್ಥೆ ನಮ್ಮದು. ಆ ದಿನಗಳು ಗೈರಿನಲ್ಲಿ ಸೇರುವುದಿಲ್ಲ.

ನಿನ್ನ ಮೇಷ್ಟ್ರನ್ನು ಕರೆಸಿದ್ದೆ. ನಕ್ಕದ್ದು ನೆನಪಿದೆ ಎಂದು ತಲೆ ತಗ್ಗಿಸಿದರು. ನಕ್ಷತ್ರದ ವಿಷಯ ಅವರಿಗೆ ಅವರ ಮೇಷ್ಟ್ರು ಹೇಳಿದ್ದಂತೆ. ಆ ಮೇಷ್ಟ್ರು ಬಾವಿಗೆ ಇಳಿದಿದ್ದರೇ ಎಂದು ಕೇಳಿದೆ. ಇಲ್ಲವಂತೆ.

ಒಂದು ಕೆಲಸ ಉಳಿದಿದೆ. ಬಸ್ಸು ಹತ್ತುವ ಮೊದಲು ನಿನ್ನ ಅಪ್ಪನಿಗೆ ನೀನೇ ಹೇಳಬೇಕು. ಹೇಳಿದೆಯೋ ಇಲ್ಲವೋ ಎಂದು ನಾನು ಕೇಳುವುದಿಲ್ಲ.

ಕಾರ್ಯದರ್ಶಿ


ನವೆಂಬರ್ 12

ಪುಟ್ಟಿ,

ಬಸ್ಸು ಹೊರಟ ಮೇಲೆ ಕಿಟಕಿಯಿಂದ ಹೇಳಿ ಪಾರಾದೆಯಲ್ಲ, ಭಲೇ ಜಾಣೆ. "ಅಪ್ಪಾ, ಮೇಷ್ಟ್ರನ್ನ ಕೇಳಿರ್ಲಿಲ್ಲ, ನಾನೇ ಬರ್ದಿದ್ದು" ಎಂದು ನೀನು ಕೂಗಿದ್ದು ಬಸ್‌ ಸ್ಟ್ಯಾಂಡಿಗೆಲ್ಲ ಕೇಳಿಸಿತು. ನನ್ನ ತಲೆಗೆ ಹೋಗುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.

ಸಿಟ್ಟು ಬಂತು. ಇಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ದಿನ ಕಂಡವರ ಮೇಲೆಲ್ಲ ರೇಗಿದೆ. ಮೂರನೆಯ ದಿನ ನಿಮ್ಮಮ್ಮ, "ಹೇಳ್ದೆ ಇಟ್ಕೊಂಡಿರೋದು ಅವಳೊಬ್ಬಳೇನಾ?" ಎಂದಳು. ಅದಕ್ಕೆ ಈಗ ಹೇಳುತ್ತೇನೆ.

ನಿನ್ನ ಮೂರು ಗೆರೆಯ ಕಾರ್ಡು ಬಂದಾಗ ನಾನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಾವಿಯ ದಡದಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ಎಂಜಿನ್ ನಿಂತು ಅರ್ಧ ಗಂಟೆಯಾಗಿತ್ತು, ದೀಪ ಕೆಳಗೆ ಚೆನ್ನಾಗಿ ಉರಿಯುತ್ತಿತ್ತು. ಅಂಚೆಯವನು ಅಲ್ಲಿಗೇ ತಂದುಕೊಟ್ಟ. ಗೆರೆ ನೋಡಿದೆ, ಹಗ್ಗ ಬಿಚ್ಚಿದೆ, ಹೊರಟೆ. ತೋಟದವರು ಬೈದುಕೊಂಡರು. ಮೆಕ್ಯಾನಿಕ್ "ನಾನೇ ಇಳೀತೀನಿ ಬಿಡಿ" ಎಂದನಂತೆ. ಮೂವತ್ತಡಿ ಇಳಿದವನು ಹೇಗೋ ಮೂರು ಸಲ ಜಗ್ಗಿದ್ದಾನೆ. ನಿಮ್ಮಮ್ಮ ಬಾಯಿ ಮುಚ್ಚಿಕೊಂಡು ಎಳೆದಳು, ಜೊತೆಗೆ ಇಬ್ಬರು ಸೇರಿದರು. ಮೇಲೆ ಬಂದಾಗ ಅವನಿಗೆ ಪ್ರಜ್ಞೆ ಇರಲಿಲ್ಲ. ಒಂದು ದಿನ ಮಲಗಿದ್ದು ಎದ್ದ. ನಾನಾಗಿದ್ದರೆ ತಳದವರೆಗೂ ಇಳಿಯುತ್ತಿದ್ದೆ ಪುಟ್ಟಿ, ನನಗೆ ಮೇಷ್ಟ್ರ ಮಾತಿನ ಧೈರ್ಯವಿತ್ತು.

ನಿನ್ನನ್ನು ಕರೆತಂದ ದಿನವೇ ಇದು ತಿಳಿಯಿತು. ಮಗು ಹೆದರುತ್ತದೆ ಎಂದು ಮುಚ್ಚಿಟ್ಟೆವು. ಹತ್ತು ದಿನ ಒಂದೇ ಮನೆಯಲ್ಲಿ ಕೂತು, ನೀನು ಅದೇ ಬಾವಿಯ ವಿಷಯ ಮುಚ್ಚಿಟ್ಟಿದ್ದೆ, ನಾವೂ ಅದನ್ನೇ ಮುಚ್ಚಿಟ್ಟಿದ್ದೆವು. ನಾನು ಮೇಲೆ ಕೂತು ಹಗ್ಗ ಹಿಡಿದಿದ್ದೇನೆ ಎಂದುಕೊಂಡಿದ್ದೆ. ಹಿಡಿದಿದ್ದವಳು ನೀನು.

ಕರೆಂಟಿನ ಮೋಟರ್ ತರುವವರೆಗೆ ಆ ಬಾವಿಗೆ ಯಾರೂ ಇಳಿಯುವುದಿಲ್ಲ ಎಂದು ಮೆಕ್ಯಾನಿಕ್ಕೇ ಹಟ ಹಿಡಿದಿದ್ದಾನೆ. ಈಗ ಅವನು "ಅದು ಹಾಗೇ" ಎನ್ನುವುದಿಲ್ಲ.

ನಮ್ಮ ಹಗ್ಗದ ಲೆಕ್ಕದಲ್ಲಿ ಒಂದು ಕೊರತೆಯಿದೆ. ಗೊತ್ತಿಲ್ಲ ಎನ್ನಲು ಗುರುತಿಲ್ಲ. ಇನ್ನು ಮುಂದೆ ಗೊತ್ತಿಲ್ಲದಿದ್ದರೆ, ಕೇಳದಿದ್ದರೆ, ಒಂದು ಸೊನ್ನೆ ಹಾಕು. ನಾನು ಬೈಯುವುದಿಲ್ಲ. ಕಟ್ಟಿದ ಉತ್ತರ ಮಾತ್ರ ಕಳಿಸಬೇಡ, ನಾನು ನಿನ್ನ ಮಾತನ್ನು ನಂಬಿ ಇಳಿಯುವವನು.

ಅಪ್ಪ
|


ನವೆಂಬರ್ 25

ಅಪ್ಪನಿಗೆ,

ನಿನ್ನ ಕಾಗದ ಓದಿ ತುಂಬಾ ಅತ್ತೆ. ಮೇಲಿನ ಮಂಚವಾದ್ದರಿಂದ ಯಾರಿಗೂ ಕಾಣಲಿಲ್ಲ. ಮೆಕ್ಯಾನಿಕ್ ಮಾವನಿಗೆ ನನ್ನ ನಮಸ್ಕಾರ ಹೇಳು. ಅಮ್ಮನ ಕೈಗಳಿಗೂ ಹೇಳು.

ಆಮೇಲೆ ಮುಖ ತೊಳೆದುಕೊಂಡು ಕ್ಲಾಸಿಗೆ ಹೋಗಿ ಎದ್ದು ನಿಂತೆ. "ಸಾರ್, ಹೊಸ ಬಾವಿಯಲ್ಲಿ ಕಪ್ಪೆ ಎಲ್ಲಿಂದ ಬರುತ್ತೆ?" ಎಂದು ಕೇಳಿದೆ. ಬಾವಿಕಪ್ಪೆಯೇ ಕಪ್ಪೆಯ ವಿಷಯ ಕೇಳಿದರೆ ಏನಾಗುತ್ತದೆ ಊಹಿಸಿಕೋ. ಬೆಂಚುಗಳು ಅಲ್ಲಾಡುವಷ್ಟು ನಕ್ಕರು. ಮೇಷ್ಟ್ರು ನಗಲಿಲ್ಲ. "ಬಾವಿ ಎಷ್ಟು ಆಳ?" ಎಂದರು. ಎಪ್ಪತ್ತಡಿ ಎಂದೆ. "ಸುತ್ತ ಕಲ್ಲಾ?" ಗಟ್ಟಿ ಕಲ್ಲು ಎಂದೆ. "ಎಷ್ಟು ಬಾವೀಲಿ ನೋಡಿದ್ದಾರೆ ನಿಮ್ಮಪ್ಪ?" ಹದಿನಾಲ್ಕು ಎಂದೆ. ಅವರು ಬೋರ್ಡಿನ ಮೇಲೆ ಬಾವಿಯ ಚಿತ್ರ ಬರೆದು ನೋಡಿದರು. ಆಮೇಲೆ "ನನಗೆ ಗೊತ್ತಿಲ್ಲ" ಎಂದರು. ನಿನ್ನ ಸೊನ್ನೆಯ ವಿಷಯ ಹೇಳಿದೆ. ಬೋರ್ಡಿನ ಮೂಲೆಯಲ್ಲಿ ದೊಡ್ಡದೊಂದು ಸೊನ್ನೆ ಬರೆದರು. ಇಂದಿಗೂ ಅಳಿಸಿಲ್ಲ.

ಈಗ ಏನಾಗಿದೆ ಗೊತ್ತಾ? ನಕ್ಕವರೇ ಊಟದ ಹೊತ್ತಿಗೆ ನನ್ನ ಪಕ್ಕ ಬಂದು ಕೂರುತ್ತಾರೆ. ಬಕೆಟ್ಟಿನಲ್ಲಿ ಬಂದಿರಬಹುದಾ, ಹಗ್ಗಕ್ಕೆ ಮೊಟ್ಟೆ ಅಂಟಿರಬಹುದಾ, ಹಕ್ಕಿ ಬೀಳಿಸಿರಬಹುದಾ ಎಂದು ತಲೆ ತಿನ್ನುತ್ತಾರೆ. ಹೆಸರು ಬಾವಿಕಪ್ಪೆ ಎಂದೇ ಉಳಿದಿದೆ. ಬೇಸರವೇನೋ ಸ್ವಲ್ಪ ಇದೆ.

ಮೇಷ್ಟ್ರು ರಜೆಯಲ್ಲಿ ನಮ್ಮೂರಿಗೆ ಬರುತ್ತಾರಂತೆ. ಎಂಬತ್ತೆರಡು ಅಡಿಯ ಒಣಬಾವಿಗೆ ಇಳಿದು, ನಿನ್ನ ಗೋಣಿಚೀಲದ ಮೇಲೆ ಮಲಗಿ, ನಕ್ಷತ್ರ ಇದೆಯೋ ಇಲ್ಲವೋ ಸ್ವತಃ ನೋಡುತ್ತಾರಂತೆ. ಅವರು ಜೀವಮಾನದಲ್ಲಿ ಬಾವಿಗೆ ಇಳಿದವರಲ್ಲ, ಈಗಲೇ ಸ್ವಲ್ಪ ಹೆದರಿದ್ದಾರೆ. ಹಗ್ಗ ನಾನು ಹಿಡಿಯುತ್ತೇನೆ ಎಂದು ಹೇಳಿದ್ದೇನೆ. ಮೂರು ಸಲ ಜಗ್ಗಿದರೆ ಯಾಕೆ ಎಂದು ಕೇಳುವುದಿಲ್ಲ ಎಂದೂ ಹೇಳಿದ್ದೇನೆ.

ನಿನ್ನ ಪುಟ್ಟಿ
0 |